ಸ್ಲೈಡ್ ಗಿಟಾರ್ ಮೀಟುವುದು ಹೇಗೆ: ಬಲಗೈ ಪಳಗಿಸಲು ಸಮಗ್ರ ಮಾರ್ಗದರ್ಶಿ

ಸ್ಲೈಡ್ ಕೊಂಡ ಮೊದಲ ವಾರ ಬಹುತೇಕ ಎಲ್ಲರ ಕಥೆಯೂ ಒಂದೇ. ಯಾರದೋ ರೆಕಾರ್ಡಿಂಗ್ ಕೇಳಿ ಮರುಳಾಗಿರುತ್ತೇವೆ. ಗಾಜಿನ ಕೊಳವೆಯನ್ನು ಬೆರಳಿಗೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸಿದರೆ ಹಾಡಿನ ಬದಲು ಖಣಖಣ, ಕಿರ್ ಕಿರ್, ಗೊಂಯ್ ಅನ್ನುವ ಸಂತೆ. ನಾನಂತೂ ತಪ್ಪೆಲ್ಲ ಸ್ಲೈಡಿನದ್ದೇ ಅಂದುಕೊಂಡೆ. ಗಾಜಿನದನ್ನು ಬಿಟ್ಟು ಹಿತ್ತಾಳೆಯದು, ಅದನ್ನೂ ಬಿಟ್ಟು ಸ್ಟೀಲಿನದು ಅಂತ ಮೂರು ಬದಲಾಯಿಸಿದೆ. ಗಲಾಟೆ ಮಾತ್ರ ಹಾಗೇ ಇತ್ತು.

ಆಮೇಲೊಂದು ದಿನ ಒಬ್ಬರು ನುಡಿಸುವ ವಿಡಿಯೋವನ್ನು ಸದ್ದಿಲ್ಲದೆ ಹಾಕಿಕೊಂಡು ಅವರ ಬಲಗೈಯನ್ನಷ್ಟೇ ನೋಡುತ್ತ ಕೂತೆ. ಬೆರಳುಗಳು ತಂತಿ ಮೀಟಿದ್ದು ಸ್ವಲ್ಪ, ತಂತಿಯ ಮೇಲೆ ಸುಮ್ನೆ ಕೂತಿದ್ದೇ ಜಾಸ್ತಿ. ಆಗ ಹೊಳೆಯಿತು. ಸ್ಲೈಡ್ ಗಿಟಾರಿನಲ್ಲಿ ಬಲಗೈಗೆ ಎರಡು ಕೆಲಸ: ಬೇಕಾದ ತಂತಿಯನ್ನು ಮೀಟುವುದು, ಬೇಡದ್ದರ ಬಾಯಿ ಮುಚ್ಚಿಸುವುದು. ಎರಡನೆಯದು ಬಂದರೆ ಮೊದಲನೆಯದು ಅರ್ಧ ಬಂದ ಹಾಗೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಗೊಂದಲ ಬೇಡ ಅಂತ ಎರಡು ಮಾತು. ಅತಿ ತೆಳುವಾದ ತಂತಿ 1ನೆಯದು, ಅತಿ ದಪ್ಪನೆಯದು 6ನೆಯದು. ಮೀಟುವ ಕೈಯನ್ನು ಬಲಗೈ ಎಂದೇ ಬರೆದಿದ್ದೇನೆ, ಎಡಚರು ತಿರುಗಿಸಿ ಓದಿಕೊಳ್ಳಿ.

ಬೇಡದ ಸದ್ದು ಎಲ್ಲಿಂದ ಬರುತ್ತದೆ?

ಸಾಮಾನ್ಯ ಗಿಟಾರಿನಲ್ಲಿ ಬೆರಳು ಒಂದು ತಂತಿಯನ್ನು ಒತ್ತುವಾಗ ಪಕ್ಕದ್ದನ್ನೂ ಅರಿವಿಲ್ಲದೆ ತಾಕಿ ಸುಮ್ಮನಾಗಿಸುತ್ತದೆ. ಸ್ಲೈಡಿನಲ್ಲಿ ಆ ಅನುಕೂಲ ಇಲ್ಲ. ಗಟ್ಟಿ ಕೊಳವೆ ಹಲವು ತಂತಿಗಳ ಮೇಲೆ ಒಟ್ಟಿಗೆ ಮಲಗಿರುತ್ತದೆ. ಅದು ಜರುಗಿದಾಗಲೆಲ್ಲ ನೀವು ಮೀಟದ ತಂತಿಗಳೂ ಉಜ್ಜಿಸಿಕೊಂಡು ಸದ್ದು ಮಾಡುತ್ತವೆ. ಜೊತೆಗೆ, ಸ್ಲೈಡಿಗೆ ಹೆಚ್ಚಾಗಿ ಬಳಸುವ ಓಪನ್ ಟ್ಯೂನಿಂಗಿನಲ್ಲಿ ಎಲ್ಲ ತಂತಿಗಳೂ ಒಂದೇ ಕಾರ್ಡಿನ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನ) ಸ್ವರಗಳು. ಒಂದನ್ನು ಮೀಟಿದರೆ ಉಳಿದವು ತಾವಾಗಿಯೇ ಕಂಪಿಸುತ್ತವೆ.

ಇನ್ನೊಂದು ಮೂಲ ಸ್ಲೈಡಿನ ಹಿಂದೆ, ಅಂದರೆ ಸ್ಲೈಡ್ ಮತ್ತು ನಟ್ (ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ನಡುವಿನ ತಂತಿಯ ತುಂಡು. ಅದು ಬಲಗೈಗೆ ಎಟುಕುವುದಿಲ್ಲ. ಸ್ಲೈಡನ್ನು ಉಂಗುರ ಬೆರಳಿಗೋ ಕಿರುಬೆರಳಿಗೋ ಹಾಕಿ, ಎಡಗೈಯ ಉಳಿದ ಬೆರಳುಗಳು ಸ್ಲೈಡಿನ ಹಿಂದೆ ತಂತಿಗಳನ್ನು ಗರಿಯಂತೆ ಸವರಿಕೊಂಡು ಬರಬೇಕು. ಒತ್ತಬಾರದು. ಎಡಗೈ ಬಗ್ಗೆ ಇಷ್ಟು ಸಾಕು.

ಗಿಟಾರ್ ಸಿದ್ಧ ಮಾಡಿಕೊಳ್ಳಿ

ಓಪನ್ ಡಿ ಟ್ಯೂನಿಂಗಿನಿಂದ ಶುರು ಮಾಡೋಣ. 6ನೇ ತಂತಿಯಿಂದ 1ನೆಯದರವರೆಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಸಾಮಾನ್ಯ ಟ್ಯೂನಿಂಗಿನಿಂದ ಇಲ್ಲಿಗೆ ಬರಲು 6, 2 ಮತ್ತು 1ನೇ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ, 3ನೆಯದನ್ನು ಅರ್ಧ ಸ್ವರ ಇಳಿಸಬೇಕು. ಎಲ್ಲವೂ ಇಳಿಸುವುದೇ ಆದ್ದರಿಂದ ತಂತಿ ಹರಿಯುವ ಭಯ ಇಲ್ಲ. ಬ್ಲೂಸ್ ಗಿಟಾರ್ ವಾದಕ ಎಲ್ಮೋರ್ ಜೇಮ್ಸ್ ಹೆಸರಾಗಿದ್ದು ಈ ಟ್ಯೂನಿಂಗಿನಲ್ಲೇ. ಹೆಸರಾಂತ ಸ್ಲೈಡ್ ವಾದಕರಾದ ಡುವೇನ್ ಆಲ್ಮನ್ ಮತ್ತು ಡೆರೆಕ್ ಟ್ರಕ್ಸ್ ಅವರ ಓಪನ್ ಇ ಕೂಡ ಇದೇ ಏರ್ಪಾಡು, ಒಂದು ಸ್ವರ ಮೇಲೆ ಅಷ್ಟೇ. ಹಾಗಾಗಿ ಇಲ್ಲಿ ಕಲಿತ ಬೆರಳೋಟ ಅಲ್ಲಿಗೂ ನಡೆಯುತ್ತದೆ.

1ನೇ ತಂತಿ 11 ಅಥವಾ 12 ಗೇಜ್ (ತಂತಿಯ ದಪ್ಪದ ಅಳತೆ) ಇರಲಿ. ತೀರಾ ತೆಳು ತಂತಿ ಸ್ಲೈಡಿನ ಭಾರಕ್ಕೆ ಕುಸಿದು ಫ್ರೆಟ್ಟಿಗೆ ಬಡಿಯುತ್ತದೆ. ಆ್ಯಕ್ಷನ್, ಅಂದರೆ ಫ್ರೆಟ್ಟುಗಳಿಂದ ತಂತಿ ಇರುವ ಎತ್ತರ, ಕೊಂಚ ಹೆಚ್ಚಿದ್ದರೆ ಒಳ್ಳೆಯದು. ಇನ್ನು ಸ್ಲೈಡ್ ನಿಲ್ಲಬೇಕಾದ್ದು ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲೆ, ಅದರ ಹಿಂದೆ ಅಲ್ಲ.

ಬೆರಳೋ, ಪಿಕ್ಕೋ?

ಹೊಸಬರು ಮೊದಲು ಕೇಳುವುದೇ ಇದನ್ನು. ನನ್ನ ಉತ್ತರ: ಬರಿ ಬೆರಳು. ಕೈಯಲ್ಲಿ ಫ್ಲ್ಯಾಟ್ ಪಿಕ್ (ತಂತಿ ಮೀಟುವ ಚಪ್ಪಟೆ ಬಿಲ್ಲೆ) ಹಿಡಿದರೆ ಹೆಬ್ಬೆರಳು, ತೋರುಬೆರಳು ಎರಡೂ ಅದನ್ನು ಹಿಡಿಯುವುದಕ್ಕೇ ಖರ್ಚಾಗಿಬಿಡುತ್ತವೆ. ತಂತಿ ಮುಚ್ಚಿಸಲು ಆಳು ಕಡಿಮೆ. ಡುವೇನ್ ಆಲ್ಮನ್ ಸ್ಲೈಡ್ ನುಡಿಸುವಾಗ ಪಿಕ್ ಬದಿಗಿಟ್ಟು ಬೆರಳಿನಲ್ಲೇ ಮೀಟುತ್ತಿದ್ದರು. (ಅವರ ಸ್ಲೈಡ್ ಒಂದು ಮಾತ್ರೆಯ ಖಾಲಿ ಬಾಟಲಿ. ದುಬಾರಿ ಸ್ಲೈಡೇ ಬೇಕು ಅನ್ನುವವರಿಗೆ ಈ ಮಾತು.) ಡೆರೆಕ್ ಟ್ರಕ್ಸ್ ಕೂಡ ಬರಿ ಬೆರಳಿನವರೇ.

ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವ ಥಂಬ್ ಪಿಕ್ ಇನ್ನೊಂದು ದಾರಿ. ಹೆಬ್ಬೆರಳಿಗೆ ಸದ್ದು, ಉಳಿದ ಬೆರಳುಗಳಿಗೆ ಬಿಡುವು. ಸ್ಲೈಡ್ ವಾದಕ ಸನ್ನಿ ಲ್ಯಾಂಡ್ರೆತ್ ಇದನ್ನು ಬಳಸುತ್ತಾರೆ. ಡೋಬ್ರೋ (ಮಲಗಿಸಿಟ್ಟು ಸ್ಲೈಡಿನಲ್ಲಿ ನುಡಿಸುವ ಒಂದು ಬಗೆಯ ಗಿಟಾರ್) ನುಡಿಸುವ ಜೆರ್ರಿ ಡಗ್ಲಸ್ ಥಂಬ್ ಪಿಕ್ ಜೊತೆ ಎರಡು ಲೋಹದ ಫಿಂಗರ್ ಪಿಕ್ ಹಾಕಿಕೊಳ್ಳುತ್ತಾರೆ. ಲೋಹದ ಪಿಕ್ಕಿನಿಂದ ಸದ್ದು ದೊಡ್ಡದಾಗಿ, ಚುರುಕಾಗಿ ಬರುತ್ತದೆ. ಆದರೆ ಕಂಪಿಸುತ್ತಿರುವ ತಂತಿಯ ಮೇಲೆ ಅದು ಕೂತರೆ ಟಿಕ್ ಎಂದು ಕೇಳಿಸುತ್ತದೆ. ಚರ್ಮಕ್ಕೆ ಆ ಕಾಟ ಇಲ್ಲ. ಆರು ತಿಂಗಳು ಚರ್ಮದಲ್ಲೇ ಕಲಿಯಿರಿ. ಉಗುರು ಸ್ವಲ್ಪ ಬೆಳೆಸಿದರೆ ಸ್ವರದ ಮೊನೆ ಚೂಪಾಗುತ್ತದೆ, ತೀರಾ ಉದ್ದ ಬೇಡ.

ಹಂತ 1: ಸ್ಲೈಡ್ ಇಲ್ಲದೆ ಕೂರುವ ಅಭ್ಯಾಸ

ಸ್ಲೈಡ್ ತೆಗೆದು ಪಕ್ಕಕ್ಕಿಡಿ. ಹೆಬ್ಬೆರಳು 4ನೇ ತಂತಿಯ ಮೇಲೆ, ತೋರುಬೆರಳು 3ರ ಮೇಲೆ, ನಡುಬೆರಳು 2ರ ಮೇಲೆ, ಉಂಗುರ ಬೆರಳು 1ರ ಮೇಲೆ. ಅಂಗೈಯ ಅಂಚು ಬ್ರಿಡ್ಜ್ (ಗಿಟಾರಿನ ಒಡಲಿನ ಮೇಲೆ ತಂತಿಗಳು ಕೂರುವ ಜಾಗ) ಹತ್ತಿರ 5 ಮತ್ತು 6ನೇ ತಂತಿಗಳನ್ನು ಹಗುರವಾಗಿ ತಾಕಿರಲಿ. ಇದು ಮನೆ. ಕೆಲಸ ಮುಗಿಸಿದ ಬೆರಳು ಪ್ರತಿ ಸಲವೂ ಇಲ್ಲಿಗೇ ಬರಬೇಕು.

ಮೆಟ್ರೊನೋಮ್ (ತಾಳದ ಎಣಿಕೆ ಕೊಡುವ ಯಂತ್ರ) ನಿಮಿಷಕ್ಕೆ 60 ಎಣಿಕೆಗೆ ಇಡಿ. ಮೊದಲ ಎಣಿಕೆಗೆ ತೋರುಬೆರಳಿನಿಂದ 3ನೇ ತಂತಿ ಮೀಟಿ. ಎರಡು, ಮೂರು ಎಣಿಸುವಷ್ಟು ಹೊತ್ತು ಮೊಳಗಲಿ. ನಾಲ್ಕಕ್ಕೆ ಅದೇ ಬೆರಳು ಮರಳಿ ಕೂತು ಸದ್ದು ನಿಲ್ಲಿಸಲಿ. ಉಳಿದ ಮೂರು ಬೆರಳು ಕದಲಬಾರದು. ಹೀಗೆ ನಾಲ್ಕೂ ಬೆರಳಿಗೆ ಮಾಡಿ.

ಕೇಳಲು ಮಕ್ಕಳಾಟ. ಮಾಡಲು ಹೋದರೆ ಉಂಗುರ ಬೆರಳು ಎದ್ದಾಗ ನಡುಬೆರಳೂ ಜೊತೆಗೇ ಎದ್ದುಬಿಡುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ನಿಧಾನ ಮಾಡಿ, ಬೇಕಾದರೆ 40ಕ್ಕೆ ಇಳಿಸಿ.

ಮೀಟುವಾಗ ಬೆರಳು ಅಂಗೈ ಕಡೆಗೆ ಸ್ವಲ್ಪವೇ ಬರಬೇಕು. ತಂತಿಯನ್ನು ಕೊಕ್ಕೆ ಹಾಕಿ ಹೊರಕ್ಕೆ ಎಳೆಯಬೇಡಿ. ಹಾಗೆ ಎಳೆದ ತಂತಿ ವಾಪಸ್ ಬಂದು ಫ್ರೆಟ್ಟಿಗೆ ಬಡಿಯುತ್ತದೆ. ಆಮೇಲೆ ಸ್ಲೈಡ್ ಹಾಕಿದಾಗ ಸ್ಲೈಡಿಗೂ ಬಡಿದು ಖಣ್ ಅನ್ನುತ್ತದೆ. ಬೆರಳ ತುದಿಯಲ್ಲಿ ತಂತಿಯನ್ನು ಒಂದಿಷ್ಟು ಒತ್ತಿ, ಜಾರಿಸಿ ಬಿಡಿ. ಸದ್ದಿನ ತೂಕ ಬರುವುದು ಆ ಒತ್ತಿನಿಂದ, ಬೀಸಿನಿಂದಲ್ಲ.

ಹಂತ 2: ಸ್ಲೈಡ್ ಹಾಕಿ, ಒಂದೇ ತಂತಿ

ಈಗ ಸ್ಲೈಡನ್ನು 12ನೇ ಫ್ರೆಟ್ ಮೇಲೆ ಎಲ್ಲ ತಂತಿಗಳಿಗೂ ಅಡ್ಡಲಾಗಿ ಇಡಿ. ಬಲಗೈ ಮನೆಯಲ್ಲಿರಲಿ. ಏನೂ ಮೀಟದೆ ಸ್ಲೈಡನ್ನು 12ರಿಂದ 7ಕ್ಕೆ, ಮತ್ತೆ 12ಕ್ಕೆ ಜಾರಿಸಿ ನೋಡಿ. ಸಣ್ಣ ಉಸಿರಿನಂಥ ಉಜ್ಜುವ ಸದ್ದು ಬಿಟ್ಟು ಬೇರೇನೂ ಕೇಳಬಾರದು. ಯಾವುದಾದರೂ ಸ್ವರ ಕೇಳಿದರೆ, ಯಾವ ತಂತಿ ತಪ್ಪಿಸಿಕೊಂಡಿದೆ ಅಂತ ಹುಡುಕಿ. ಹೆಚ್ಚಾಗಿ ಕಳ್ಳ 5ನೆಯದೇ. ಅಂಗೈಯ ಅಂಚು ಸ್ವಲ್ಪ ಎದ್ದಿರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಆಮೇಲೆ ನಡುಬೆರಳಿನಿಂದ 2ನೇ ತಂತಿ ಮಾತ್ರ ಮೀಟಿ. ಸ್ವರ ನಿಂತ ಮೇಲೆ ಸ್ಲೈಡಿನಲ್ಲಿ ಸಣ್ಣಗೆ ಹಿಂದೆ ಮುಂದೆ ಆಡಿಸಿ ವೈಬ್ರಾಟೋ ಕೊಡಿ. ವೈಬ್ರಾಟೋ ಕೊಡುವಾಗ ಪಕ್ಕದ ತಂತಿಗಳು ಗುನುಗಿದರೆ ಬಲಗೈಯ ಕೆಲಸ ಇನ್ನೂ ಆಗಿಲ್ಲ ಎಂದರ್ಥ.

ಹಂತ 3: ತಂತಿಯಿಂದ ತಂತಿಗೆ

ಇಲ್ಲೇ ಬಹಳ ಜನ ಕೈಬಿಡುವುದು. ಇಲ್ಲಿ ಎಷ್ಟು ಹೊತ್ತು ಕೂತರೂ ನಷ್ಟವಿಲ್ಲ.

2ನೇ ತಂತಿಯಿಂದ 1ನೆಯದಕ್ಕೆ ಹೋಗಬೇಕು ಅನ್ನಿ. 1ರ ಮೇಲೆ ಕೂತಿದ್ದ ಉಂಗುರ ಬೆರಳು ಮೀಟಿ ಏಳುವ ಕ್ಷಣದಲ್ಲೇ ನಡುಬೆರಳು 2ರ ಮೇಲೆ ಬಂದು ಕೂರಬೇಕು. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ: ಒಂದು ಏಳುತ್ತದೆ, ಒಂದು ಇಳಿಯುತ್ತದೆ. ತಡವಾದರೆ ಎರಡು ಸ್ವರ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. ಬೇಗ ಕೂತರೆ ನಡುವೆ ತೂತು ಬೀಳುತ್ತದೆ. ಮೊದಲು ತೂತು ಬಿದ್ದರೂ ಪರವಾಗಿಲ್ಲ, ಅದನ್ನು ಆಮೇಲೆ ಕಿರಿದು ಮಾಡಬಹುದು. ಕಲಸಿಕೊಳ್ಳುವ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ.

ಈಗ ಒಂದು ಪೂರ್ತಿ ಸಾಲು. ನಿಧಾನವಾಗಿ ಓದಿ, ಗಿಟಾರ್ ಕೈಯಲ್ಲಿರಲಿ.

ಉಂಗುರ ಬೆರಳಿನಿಂದ 1ನೇ ತಂತಿಯನ್ನು 15ನೇ ಫ್ರೆಟ್ಟಿನಲ್ಲಿ ಮೀಟಿ, 12ಕ್ಕೆ ಜಾರಿ. ನಡುಬೆರಳಿನಿಂದ 2ನೇ ತಂತಿಯನ್ನು 15ರಲ್ಲಿ ಮೀಟಿ, 12ಕ್ಕೆ ಜಾರಿ. ತೋರುಬೆರಳಿನಿಂದ 3ನೇ ತಂತಿಯನ್ನು 11ರಲ್ಲಿ ಮೀಟಿ, 12ಕ್ಕೆ ಏರಿ. ಕೊನೆಗೆ ಹೆಬ್ಬೆರಳಿನಿಂದ 4ನೇ ತಂತಿಯನ್ನು 12ರಲ್ಲಿ ಮೀಟಿ ನಿಲ್ಲಿ.

ಮೀಟಿದ್ದು ನಾಲ್ಕು ಸಲ, ಕೇಳಿದ್ದು ಏಳು ಸ್ವರ. ಸ್ಲೈಡಿನ ಸೊಗಸೇ ಇದು. ಪ್ರತಿ ಸ್ವರಕ್ಕೂ ಮೀಟುತ್ತ ಹೋದರೆ ಹಾಡಿಕೆ ಹೋಗಿ ಟೈಪ್ ಮಾಡಿದ ಹಾಗೆ ಕೇಳಿಸುತ್ತದೆ.

ಈ ಸಾಲಿನಲ್ಲಿ ಒಂದು ಹೊಂಡ ಇದೆ, ಗಮನಿಸಿದಿರಾ? 1ನೇ ತಂತಿಯಲ್ಲಿ 12ಕ್ಕೆ ಬಂದಮೇಲೆ ಸ್ಲೈಡ್ ಮತ್ತೆ 15ಕ್ಕೆ ಓಡಬೇಕು. ಆಗ 1ನೇ ತಂತಿ ಇನ್ನೂ ಮೊಳಗುತ್ತಿದ್ದರೆ ಆ ಓಟವೂ ಊಯ್ ಎಂದು ಕೇಳಿಬಿಡುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಉಂಗುರ ಬೆರಳು 1ರ ಮೇಲೆ ಕೂರಲಿ, ಆಮೇಲೆ ಸ್ಲೈಡ್ ಹೊರಡಲಿ, ಅದು 15 ಮುಟ್ಟಿದ ಮೇಲೆ ನಡುಬೆರಳು ಮೀಟಲಿ. ಕೂರು, ಓಡು, ಮೀಟು. ಬಾಯಲ್ಲಿ ಹೇಳಿಕೊಂಡೇ ಮಾಡಿ. ನಾಚಿಕೆ ಬೇಡ, ನಾನು ಈಗಲೂ ಹೇಳಿಕೊಳ್ಳುತ್ತೇನೆ.

5 ಅಥವಾ 6ನೇ ತಂತಿಯಲ್ಲಿ ಹಾಡಿಕೆ ಬಂದರೆ ಇಡೀ ಕೈ ಆ ಕಡೆಗೆ ಸರಿಯುತ್ತದೆ. ಹೆಬ್ಬೆರಳು 5ಕ್ಕೆ ಹೋದರೆ ತೋರುಬೆರಳು 4ಕ್ಕೆ, ನಡುಬೆರಳು 3ಕ್ಕೆ, ಉಂಗುರ ಬೆರಳು 2ಕ್ಕೆ. ಬಯಲಾದ 1ನೇ ತಂತಿಯನ್ನು ಕಿರುಬೆರಳು ನೋಡಿಕೊಳ್ಳುತ್ತದೆ.

ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಮೀಟುವುದೆಲ್ಲ ಹೆಚ್ಚಾಗಿ ತೋರುಬೆರಳೇ. ಹೆಬ್ಬೆರಳು ಅದರ ಪಕ್ಕದ ದಪ್ಪ ತಂತಿಯ ಮೇಲೆ ಒರಗಿ, ತನ್ನ ಬದಿಯಿಂದ ಇನ್ನಷ್ಟು ದಪ್ಪ ತಂತಿಗಳನ್ನೂ ಮುಚ್ಚಿರುತ್ತದೆ. ನಡು ಮತ್ತು ಉಂಗುರ ಬೆರಳುಗಳು ತೆಳು ತಂತಿಗಳ ಕಡೆ ಕಾವಲು. ತಂತಿ ಬದಲಾದರೆ ಈ ಇಡೀ ತಂಡವೇ ಸರಿಯುತ್ತದೆ. ಒಂಟಿ ಸ್ವರಗಳ ನಿಧಾನದ ಹಾಡಿಕೆಗೆ ಇದು ಚೆನ್ನ. ಬೇಗ ಬೇಗ ತಂತಿ ಬದಲಿಸಲು ಮನೆಯ ಪದ್ಧತಿಯೇ ಸಲೀಸು. ಎರಡನ್ನೂ ಒಟ್ಟಿಗೆ ಕಲಿಯಲು ಮಾತ್ರ ಹೋಗಬೇಡಿ.

ಹಂತ 4: ಯಾವಾಗ ಮೀಟಬೇಕು?

ಸ್ಲೈಡ್ ಜರುಗುವುದಕ್ಕೂ ಬೆರಳು ಮೀಟುವುದಕ್ಕೂ ಇರುವ ಕ್ಷಣದ ಅಂತರ ಬದಲಾದರೆ ಅದೇ ಸ್ವರದ ಮುಖವೇ ಬದಲಾಗುತ್ತದೆ. 2ನೇ ತಂತಿ, 12ನೇ ಫ್ರೆಟ್ ಒಂದನ್ನೇ ಇಟ್ಟುಕೊಂಡು ಮೂರು ಬಗೆ ಮಾಡಿ.

ಒಂದು, ಸ್ಲೈಡ್ 12ಕ್ಕೆ ಸದ್ದಿಲ್ಲದೆ ಬಂದು ನಿಂತ ಮೇಲೆ ಮೀಟುವುದು. ಸ್ವರ ಪಿಯಾನೋದ ಹಾಗೆ ಶುದ್ಧವಾಗಿ ಹುಟ್ಟುತ್ತದೆ. ಇದೇ ಅತಿ ಕಷ್ಟ, ಏಕೆಂದರೆ ಜಾಗ ಕೂದಲೆಳೆ ತಪ್ಪಿದರೂ ಬೇಸುರು.

ಎರಡು, 10ರಲ್ಲಿ ಮೀಟಿ 12ಕ್ಕೆ ಏರುವುದು. ಎರಡೂ ಸ್ವರ ಸ್ಪಷ್ಟವಾಗಿ ಕೇಳುತ್ತವೆ.

ಮೂರು, 11ರ ಹತ್ತಿರದಿಂದ ಸ್ಲೈಡ್ ಹೊರಟಿರುವಾಗಲೇ ಮೀಟುವುದು. ಎಲ್ಲಿಂದ ಹೊರಟಿತು ಅಂತ ಕಿವಿಗೆ ಗೊತ್ತಾಗದು, ಮಾತಿನ ಎಳೆತ ಮಾತ್ರ ಉಳಿಯುತ್ತದೆ. ಮನುಷ್ಯರ ದನಿಗೆ ಅತಿ ಹತ್ತಿರದ್ದು ಇದೇ. ಹಾಗಂತ ಎಲ್ಲ ಸ್ವರಕ್ಕೂ ಇದನ್ನೇ ಹಚ್ಚಿದರೆ ಕುಡಿದವನ ಮಾತಿನ ಹಾಗಾಗುತ್ತದೆ.

ಸ್ವರ ಮುಗಿಯುವುದೂ ಬಲಗೈಯ ಕೈಯಲ್ಲೇ ಇದೆ. ಸ್ಲೈಡ್ ಎತ್ತಿ ಸ್ವರ ನಿಲ್ಲಿಸಲು ಹೋದರೆ ತೆರೆದ ತಂತಿ ಟೊಂಯ್ ಅನ್ನುತ್ತದೆ. ಮೊದಲು ಬಲಗೈ ಬೆರಳು ಕೂರಲಿ, ಆಮೇಲೆ ಸ್ಲೈಡ್ ಏಳಲಿ. ಯಾವಾಗಲೂ ಇದೇ ಕ್ರಮ.

ಹಂತ 5: ಹೆಬ್ಬೆರಳ ತಾಳ

ಡೆಲ್ಟಾ ಬ್ಲೂಸಿನ (ಅಮೆರಿಕದ ಮಿಸಿಸಿಪಿ ಕಡೆಯ ಬ್ಲೂಸ್ ಸಂಗೀತದ) ಹಳೆಯ ಒಂಟಿ ಗಾಯಕರಿಗೆ ಪಕ್ಕವಾದ್ಯ ಇರಲಿಲ್ಲ. ಹೆಬ್ಬೆರಳೇ ಬೇಸು, ಹೆಬ್ಬೆರಳೇ ಡ್ರಮ್ಮು. ಅವರಲ್ಲೊಬ್ಬರಾದ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮಾಡಿದ ರೆಕಾರ್ಡಿಂಗುಗಳನ್ನು ಕೇಳಿದವರು ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಳ್ಳುವುದು ಸುಮ್ನೆ ಅಲ್ಲ.

ಇಲ್ಲಿ ಸ್ಲೈಡ್ ಆರೂ ತಂತಿ ಮುಚ್ಚಬಾರದು. ಅದರ ತುದಿ 1, 2ನೇ ತಂತಿಗಳ ಮೇಲಷ್ಟೇ ಇರಲಿ. 6ನೇ ತಂತಿ ತೆರೆದೇ ಇರುತ್ತದೆ. ಅಂಗೈಯ ಅಂಚನ್ನು ಬ್ರಿಡ್ಜಿಗೆ ಅಂಟಿದಂತೆ ದಪ್ಪ ತಂತಿಗಳ ಮೇಲಿಟ್ಟರೆ ಬೇಸು ಗುಂಯ್ ಎನ್ನದೆ ಧಕ್ ಧಕ್ ಎನ್ನುತ್ತದೆ. ಅಂಚು ಬ್ರಿಡ್ಜಿನಿಂದ ತೀರಾ ಮುಂದೆ ಬಂದರೆ ಸ್ವರವೇ ಸತ್ತುಹೋಗುತ್ತದೆ, ಒಂದೆರಡು ಮಿಲಿಮೀಟರ್ ಆಚೀಚೆ ಮಾಡಿ ನೋಡಿ.

ಮೊದಲು ಹೆಬ್ಬೆರಳು ಒಂದೇ. ಪ್ರತಿ ಎಣಿಕೆಗೂ 6ನೇ ತಂತಿ, ಐದು ನಿಮಿಷ. ಅದು ಆಡುತ್ತಿರುವಾಗಲೇ ಪಕ್ಕದವರ ಜೊತೆ ಮಾತಾಡಲು ಆದರೆ ಹೆಬ್ಬೆರಳು ಪಳಗಿದೆ ಅಂತ. ಆಮೇಲೆ ಮೊದಲ ಎಣಿಕೆಯಲ್ಲಿ ಹೆಬ್ಬೆರಳಿನ ಜೊತೆಗೇ ಉಂಗುರ ಬೆರಳಿನಿಂದ 1ನೇ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಮೀಟಿ. ಅದು ಸಲೀಸಾದ ಮೇಲೆ ಎಣಿಕೆಗಳ ನಡುವೆ ಮೀಟಿ. ಅಲ್ಲಿ ಹೆಬ್ಬೆರಳು ಖಂಡಿತ ತಡವರಿಸುತ್ತದೆ. ಹಾಡಿಕೆ ಬಿಟ್ಟರೂ ಪರವಾಗಿಲ್ಲ, ಹೆಬ್ಬೆರಳು ನಿಲ್ಲಬಾರದು. 6 ಮತ್ತು 4ನೇ ತಂತಿಗಳ ನಡುವೆ ಹೆಬ್ಬೆರಳನ್ನು ಓಡಾಡಿಸುವುದು ಇದರ ಮುಂದಿನ ಪಾಠ.

ಹಂತ 6: ಜೋಡಿ ಸ್ವರ ಮತ್ತು ರೋಲ್

ಎರಡು ತಂತಿ ಒಟ್ಟಿಗೆ ಬೇಕಾದರೆ ಹೆಬ್ಬೆರಳಿನಿಂದ ಬಾಚಬೇಡಿ. ನಡುಬೆರಳು, ಉಂಗುರ ಬೆರಳು ಎರಡರಿಂದ 2 ಮತ್ತು 1ನೇ ತಂತಿಗಳನ್ನು ಒಂದೇ ಏಟಿಗೆ ಚಿವುಟಿ. ಬಾಚಿದರೆ ಒಂದರ ಹಿಂದೊಂದು ಬರುತ್ತವೆ, ಚಿವುಟಿದರೆ ಒಂದೇ ದನಿಯಾಗಿ ಹೊರಡುತ್ತವೆ. 12ನೇ ಫ್ರೆಟ್ಟಿನಲ್ಲಿ ಪ್ರತಿ ಎಣಿಕೆಗೆ ಮೂರರಂತೆ ಹೀಗೆ ಚಿವುಟುತ್ತ ಹೋಗಿ, ಎಲ್ಮೋರ್ ಜೇಮ್ಸ್ ಕಡೆಯ ಗಾಳಿ ಬೀಸುತ್ತದೆ.

ರೋಲ್ ಅಂದರೆ ಬೆರಳುಗಳು ಸರದಿಯಂತೆ ಒಂದೊಂದು ತಂತಿ ಮೀಟುತ್ತ ಹೋಗುವುದು, ಬ್ಯಾಂಜೋದಲ್ಲಿ ಮಾಡುವಂಥದ್ದು. ಹೆಬ್ಬೆರಳು 3ರಲ್ಲಿ, ತೋರುಬೆರಳು 2ರಲ್ಲಿ, ನಡುಬೆರಳು 1ರಲ್ಲಿ. ಕ್ರಮ: 3, 2, 1, 3, 2, 1, 3, 1. ಒಟ್ಟು ಎಂಟು ಏಟು, ಮೂರು ಮೂರು ಎರಡರ ಗುಂಪು. ಇಲ್ಲಿ ಮಾತ್ರ ತಂತಿಗಳು ಒಂದರ ಮೇಲೊಂದು ಮೊಳಗಲಿ, ಕಾರ್ಡ್ ತುಂಬಿಕೊಳ್ಳುವುದೇ ಉದ್ದೇಶ. ಆದರೆ ಸ್ಲೈಡನ್ನು 12ರಿಂದ 7ಕ್ಕೋ 5ಕ್ಕೋ ಒಯ್ಯುವ ಮುಂಚೆ ಮೂರೂ ಬೆರಳು ಒಂದು ಕ್ಷಣ ಕೂತು ಏಳಬೇಕು. ಇಲ್ಲದಿದ್ದರೆ ಇಡೀ ಕಾರ್ಡೇ ಜಾರುವುದು ಕೇಳುತ್ತದೆ. ಅದು ಬೇಕೆನಿಸಿದಾಗ ಬಿಡಿ, ಗೊತ್ತಿಲ್ಲದೆ ಬಿಡಬೇಡಿ.

ಪಿಕ್ ಬಿಡಲಾಗದವರಿಗೆ

ಕೆಲವರಿಗೆ ಪಿಕ್ ಇಲ್ಲದಿದ್ದರೆ ಕೈಯೇ ಆಡುವುದಿಲ್ಲ. ಅವರಿಗೆ ಹೈಬ್ರಿಡ್ ಪಿಕಿಂಗ್ ಇದೆ. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಪಿಕ್, ನಡು ಮತ್ತು ಉಂಗುರ ಬೆರಳುಗಳು 2 ಮತ್ತು 1ನೇ ತಂತಿಗಳ ಮೇಲೆ, ಅಂಗೈಯ ಅಂಚು ದಪ್ಪ ತಂತಿಗಳ ಮೇಲೆ. 3, 4ನೇ ತಂತಿಗಳಿಗೆ ಪಿಕ್. ಮೀಟಿದ ಮೇಲೆ ಪಿಕ್ಕಿನ ಅಂಚನ್ನೇ ತಂತಿಗೆ ತಾಗಿಸಿ ನಿಲ್ಲಿಸಬಹುದು. ಬಾಗುವ ತೆಳು ಪಿಕ್ ಬೇಡ, 1 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪನೆಯದು ತನ್ನಿ.

ಎಲ್ಲಿ ಮೀಟುತ್ತೀರಿ ಎಂಬುದೂ ಮುಖ್ಯ

ಬ್ರಿಡ್ಜ್ ಹತ್ತಿರ ಮೀಟಿದರೆ ಸದ್ದು ತೆಳು, ಚೂಪು. ಫಿಂಗರ್ ಬೋರ್ಡ್ ಕಡೆ ಬಂದಷ್ಟೂ ದುಂಡಗೆ. 12ನೇ ಫ್ರೆಟ್ಟಿನ ಸ್ವರವನ್ನೇ ಎರಡೂ ಕಡೆ ಮೀಟಿ ನೋಡಿ, ಬೇರೆ ಬೇರೆ ಗಿಟಾರ್ ಅನ್ನಿಸುತ್ತದೆ. ಹಾಡಿನ ಪ್ರಶ್ನೆಯನ್ನು ಒಂದು ಕಡೆ, ಉತ್ತರವನ್ನು ಇನ್ನೊಂದು ಕಡೆ ಮೀಟಿದರೆ ಆಂಪ್ಲಿಫೈಯರ್ ಮುಟ್ಟದೇ ಇಬ್ಬರು ಮಾತಾಡಿದ ಹಾಗಾಗುತ್ತದೆ.

ದಿನಕ್ಕೆ ಎಷ್ಟು ಹೊತ್ತು?

ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ಐದು ನಿಮಿಷ ಸ್ಲೈಡ್ ಇಲ್ಲದೆ ಮನೆಯ ಅಭ್ಯಾಸ, ಹತ್ತು ನಿಮಿಷ ಹಂತ 3ರ ಸಾಲು, ಐದು ನಿಮಿಷ ಹೆಬ್ಬೆರಳು. ವೇಗ ಏರಿಸುವ ಆತುರ ಬೇಡ. 60ರಲ್ಲಿ ಮೂರು ಸಲ ಚೊಕ್ಕವಾಗಿ ಬಂದರೆ 64ಕ್ಕೆ ಹೋಗಿ, ಕೆಟ್ಟರೆ 60ಕ್ಕೇ ವಾಪಸ್ ಬನ್ನಿ. ಎಲೆಕ್ಟ್ರಿಕ್ ಗಿಟಾರ್ ಆದರೆ ಮೊದಲ ತಿಂಗಳು ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಆರಿಸಿಡಿ. ಅದು ಪಿಸುಮಾತನ್ನೂ ಕೂಗಾಗಿಸುತ್ತದೆ.

ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ. ನುಡಿಸುವಾಗ ನಮ್ಮ ಕಿವಿ ಬೇಕಾದ ಸ್ವರವನ್ನಷ್ಟೇ ಹಿಡಿದುಕೊಳ್ಳುತ್ತದೆ, ಫೋನ್ ಎಲ್ಲವನ್ನೂ ಹಿಡಿಯುತ್ತದೆ. ಕೇಳುವಾಗ ಸ್ವರಗಳನ್ನು ಬಿಟ್ಟು ಅವುಗಳ ನಡುವಿನ ಜಾಗವನ್ನು ಕೇಳಿ. ಅಲ್ಲಿ ಗುನುಗು ಇದ್ದರೆ ಯಾವ ತಂತಿಯದು ಅಂತ ಗಿಟಾರಿನಲ್ಲಿ ಹುಡುಕಿ, ಆ ತಂತಿಯ ಮೇಲೆ ಕೂರಬೇಕಾದ ಬೆರಳು ಯಾವುದು ಅಂತ ನೋಡಿ, ಮುಂದಿನ ವಾರ ಹಂತ 1 ಅನ್ನು ಆ ಬೆರಳಿನಿಂದಲೇ ಶುರು ಮಾಡಿ.